ಕೆರೆ ಏರಿಯ ಮೇಲೆ ಕೇಳಿದ್ದು: ಬೆಂಗಳೂರಿನ ಕೆರೆ, ಜೌಗು, ಕಾಡು ಸುತ್ತುವವರ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ನಾವೊಂದಷ್ಟು ಜನ ಯಾವುದಾದರೂ ಕೆರೆಯ ಏರಿ ಹತ್ತುತ್ತೇವೆ. ಹೊಸಬರು ಪ್ರತಿ ವಾರ ಸೇರುತ್ತಾರೆ, ಪ್ರಶ್ನೆಗಳು ಮಾತ್ರ ಹಳೆಯವೇ. ನಡೆಯುತ್ತಾ ಕೇಳಿದ್ದು, ಕಾಫಿ ಕುಡಿಯುತ್ತಾ ಕೇಳಿದ್ದು, ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಕೇಳಿದ್ದು ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲ ಸಲ ಹೊರಟವರಿಗೆ

ಬೆಂಗಳೂರಲ್ಲಿ ನದಿನೇ ಇಲ್ಲ, ಇಷ್ಟೊಂದು ಕೆರೆ ಎಲ್ಲಿಂದ ಬಂತು?

ನದಿ ಇಲ್ಲದ್ದಕ್ಕೇ ಕೆರೆ ಬಂತು. ಊರು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ಬಿದ್ದ ಮಳೆ ಇಲ್ಲಿ ನಿಲ್ಲುವುದಿಲ್ಲ, ಮೂರು ಕಡೆ ಹರಿದು ಇಳಿಯುತ್ತದೆ: ಹೆಬ್ಬಾಳ ಕಣಿವೆ, ಕೋರಮಂಗಲ–ಚಲ್ಲಘಟ್ಟ ಕಣಿವೆ, ವೃಷಭಾವತಿ ಕಣಿವೆ. ಮೊದಲ ಎರಡರ ನೀರು ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿಗೆ ಹೋಗುತ್ತದೆ. ಮೂರನೆಯದು ಅರ್ಕಾವತಿಯ ಮೂಲಕ ಕಾವೇರಿಗೆ. ಹೀಗೆ ಓಡಿಹೋಗುವ ನೀರಿಗೆ ಹಿಂದಿನವರು ಅಲ್ಲಲ್ಲಿ ಅಡ್ಡಲಾಗಿ ಮಣ್ಣಿನ ಏರಿ ಹಾಕಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಗದ್ದೆಗೆ ನೀರು ಬಿಡಲು ತೂಬು, ಯಾರ ಗದ್ದೆಗೆ ಯಾವಾಗ ಎಂದು ನೋಡಿಕೊಳ್ಳಲು ನೀರುಗಂಟಿ.

ಹಾಗಾಗಿ ಇಲ್ಲಿನ ಯಾವ ಕೆರೆಯೂ ಒಂಟಿಯಲ್ಲ. ಕೆರೆ ನೋಡಲು ಹೋದಾಗ ನೀರು ಎಲ್ಲಿಂದ ಒಳಗೆ ಬರುತ್ತಿದೆ, ಎಲ್ಲಿಂದ ಹೊರಗೆ ಹೋಗುತ್ತಿದೆ ಎಂದು ಹುಡುಕುವುದು ನಮ್ಮ ಗುಂಪಿನ ಮೊದಲ ಕೆಲಸ. ಹಕ್ಕಿ ಆಮೇಲೆ.

ಮೊದಲ ಸಲ ಯಾವ ಕೆರೆಗೆ ಹೋಗಲಿ? ಒಂದೇ ಒಂದು ಹೆಸರು ಹೇಳಿ.

ನಿಮ್ಮ ಮನೆಗೆ ಹತ್ತಿರದ್ದು. ತಮಾಷೆ ಮಾಡುತ್ತಿಲ್ಲ. ದೂರದ ಚೆಂದದ ಕೆರೆಗೆ ವರ್ಷಕ್ಕೊಮ್ಮೆ ಹೋಗುವುದಕ್ಕಿಂತ ಪಕ್ಕದ ಸಾಧಾರಣ ಕೆರೆಗೆ ಹದಿನೈದು ದಿನಕ್ಕೊಮ್ಮೆ ಹೋದವರು ಹೆಚ್ಚು ಕಲಿತಿದ್ದನ್ನು ಕಂಡಿದ್ದೇನೆ.

ಪಟ್ಟು ಹಿಡಿದು ಕೇಳಿದರೆ ದಿಕ್ಕಿಗೊಂದು ಹೇಳುತ್ತೇನೆ. ಊರ ನಡುವೆ ಲಾಲ್‌ಬಾಗ್ ಕೆರೆ, ಹಸಿರು ಮಾರ್ಗದ ಮೆಟ್ರೋ ಇಳಿದರೆ ತೋಟದ ಬಾಗಿಲೇ ಸಿಗುತ್ತದೆ. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಅದರ ಮೇಲೆ ಐದು ನಿಮಿಷ ಕೂತು ಬನ್ನಿ. ಮಲ್ಲೇಶ್ವರದ ಕಡೆಯವರಿಗೆ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ. ಉತ್ತರಕ್ಕೆ ಜಕ್ಕೂರು, ಪೂರ್ವಕ್ಕೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ, ದಕ್ಷಿಣಕ್ಕೆ ಮಡಿವಾಳ. ಈ ಐದರಲ್ಲಿ ನನ್ನ ಪಕ್ಷಪಾತ ಜಕ್ಕೂರಿನ ಕಡೆಗೆ, ಕಾರಣ ಮುಂದೆ ಹೇಳುತ್ತೇನೆ.

ಅಕ್ಕಾ, ಆರು ಗಂಟೆಗೇ ಬರ್ಬೇಕಾ? ಒಂಬತ್ತಕ್ಕೆ ಬಂದ್ರೆ ಹಕ್ಕಿ ಓಡಿಹೋಗುತ್ತಾ?

ನೀರಹಕ್ಕಿ ಎಲ್ಲೂ ಹೋಗುವುದಿಲ್ಲ, ಬಾತುಗಳು ಮಧ್ಯಾಹ್ನವೂ ತೇಲುತ್ತಿರುತ್ತವೆ. ಆದರೆ ದಡದ ಪೊದೆಯಲ್ಲಿ, ಜೊಂಡಿನಲ್ಲಿ ಇರುವ ಸಣ್ಣ ಹಕ್ಕಿಗಳ ಗಲಾಟೆ ಎಂಟು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಇನ್ನೊಂದು ತೊಡಕು ಗೇಟಿನದು. ಊರೊಳಗಿನ ಬಹುಪಾಲು ಕೆರೆಗಳ ಬಾಗಿಲು ಬೆಳಗ್ಗೆ, ಸಂಜೆ ತೆರೆದಿದ್ದು ನಡುಹಗಲು ಬೀಗ ಬೀಳುತ್ತದೆ.

ಹೊತ್ತಿಗಿಂತ ದಿಕ್ಕು ಮುಖ್ಯ. ಬೆಳಗ್ಗೆ ಕೆರೆಯ ಪೂರ್ವ ದಡದಲ್ಲಿ ನಿಂತರೆ ಬಿಸಿಲು ನಿಮ್ಮ ಬೆನ್ನಿಗೆ ಬಿದ್ದು ಹಕ್ಕಿಯ ಬಣ್ಣ ಬಣ್ಣವಾಗಿಯೇ ಕಾಣುತ್ತದೆ. ಪಶ್ಚಿಮ ದಡದಲ್ಲಿ ನಿಂತರೆ ಎಲ್ಲ ಹಕ್ಕಿಯೂ ಕಪ್ಪು. ಸಂಜೆ ಇದರ ತಿರುವುಮುರುವು.

ಬೈನಾಕ್ಯುಲರ್ ಇಲ್ದೆ ಬಂದ್ರೆ ಸುಮ್ನೆ ಟೈಮ್ ವೇಸ್ಟ್ ಅಲ್ವಾ?

ಮೊದಲ ಮೂರು ಸಲ ಇಲ್ಲದೆಯೇ ಬನ್ನಿ. ಬೇಕು ಅನ್ನಿಸಿದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಅಳತೆಯದು ಕೊಳ್ಳಿ. ಹತ್ತು ಪಟ್ಟು, ಹನ್ನೆರಡು ಪಟ್ಟು ಎಂದು ಆಸೆಪಟ್ಟರೆ ಕೈ ನಡುಗಿದಷ್ಟೂ ಕೆರೆಯೇ ನಡುಗುತ್ತದೆ. ಅದಕ್ಕಿಂತ ಮೊದಲು ಒಂದು ಟೋಪಿ, ಒಂದು ಬಾಟಲಿ ನೀರು, ಮಣ್ಣಾದರೂ ಬೇಸರವಾಗದ ಶೂ.

ಯಾವ ತಿಂಗಳು ಹೋದ್ರೆ ಚೆನ್ನಾಗಿರುತ್ತೆ?

ವಲಸೆ ಹಕ್ಕಿ ಬೇಕಾದರೆ ನವೆಂಬರ್‌ನಿಂದ ಫೆಬ್ರವರಿ. ಉತ್ತರದ ಚಳಿಗೆ ಹೆದರಿ ಬಂದ ಸೂಜಿಬಾಲದ ಬಾತು, ಅಗಲ ಕೊಕ್ಕಿನ ಶವೆಲರ್ ಬಾತು, ಬಾಲ ಕುಣಿಸುವ ಸಿಪಿಲೆಗಳು ಆಗ ಇರುತ್ತವೆ. ಬೇಸಿಗೆಯಲ್ಲಿ ನೀರು ಇಳಿದು ಕೆಸರು ತೆರೆದುಕೊಂಡಾಗ ಉದ್ದಕಾಲಿನ ಹಕ್ಕಿಗಳಿಗೆ ಹಬ್ಬ. ಮಳೆ ಹಿಡಿದ ಮೇಲೆ ಗೀಜಗಗಳು ಗೂಡು ನೇಯುತ್ತವೆ.

ಸೆಪ್ಟೆಂಬರ್–ಅಕ್ಟೋಬರ್‌ನ ಜೋರು ಮಳೆಯ ಮಾರನೆಯ ಬೆಳಗ್ಗೆಯನ್ನು ಮಾತ್ರ ತಪ್ಪಿಸಬೇಡಿ. ಕೋಡಿ ಬೀಳುವ ಸದ್ದು ಕೇಳಬೇಕಾದರೆ ಅದೇ ಸಮಯ. ಕೋಡಿ ಬಿದ್ದರೆ ಊರಿನವರು ಬಾಗಿನ ಕೊಡುತ್ತಿದ್ದ ಕಾಲ ಇತ್ತು. ಈಗ ಕೆಳಗಿನ ಬಡಾವಣೆಯವರು ಕಾರು ತೆಗೆದು ಎತ್ತರಕ್ಕೆ ನಿಲ್ಲಿಸುತ್ತಾರೆ.

ಅತ್ತೆಗೆ ಮಂಡಿನೋವು, ಮಗೂಗೆ ಐದು ವರ್ಷ. ಕರ್ಕೊಂಡ್ ಬರ್ಬಹುದಾ?

ಧಾರಾಳವಾಗಿ. ಊರೊಳಗಿನ ಕೆರೆಗಳ ನಡಿಗೆ ದಾರಿ ಸಮತಟ್ಟು, ಕೂರಲು ಕಲ್ಲುಬೆಂಚೂ ಇರುತ್ತವೆ. ಅತ್ತೆಯವರು ಒಂದು ಕಡೆ ಕೂತೇ ನಾವು ಸುತ್ತಿ ಬಂದದ್ದಕ್ಕಿಂತ ಹೆಚ್ಚು ನೋಡಿರುತ್ತಾರೆ, ಹಾಗಾದದ್ದುಂಟು. ಎಲ್ಲ ಕೆರೆಯಲ್ಲೂ ಶೌಚಾಲಯ ತೆರೆದಿರುತ್ತದೆಂದು ನಂಬಿ ಬರಬೇಡಿ. ಮಗುವಿನ ಕೈ ಮಾತ್ರ ಕೋಡಿಯ ಹತ್ತಿರ ಬಿಡಬೇಡಿ.

ಒಂಟಿ ಹೆಂಗಸು ಹೋಗಬಹುದಾ? ಸೇಫಾ?

ಬೆಳಗ್ಗೆ ಆರೂವರೆಯಿಂದ ಒಂಬತ್ತರ ತನಕ, ವಾಕಿಂಗ್‌ನವರು ತುಂಬಿರುವ ಕೆರೆಗಳಲ್ಲಿ ನಾನು ಒಬ್ಬಳೇ ಎಷ್ಟೋ ಸಲ ಸುತ್ತಿದ್ದೇನೆ. ಬೇಲಿ ಇಲ್ಲದ, ಹೊರವಲಯದ ಕೆರೆಗಳ ಹಿಂಬದಿಗೆ ಒಬ್ಬಳೇ ಹೋಗುವುದಿಲ್ಲ. ಕತ್ತಲಾದ ಮೇಲಂತೂ ಇಲ್ಲ. ನಾಯಿಗಳ ಗುಂಪು ಎದುರಾದರೆ ಓಡಬೇಡಿ, ನಿಂತು, ನಿಧಾನಕ್ಕೆ ಬಂದ ದಾರಿಗೇ ಹಿಂದೆ ಸರಿಯಿರಿ.

## ಊರೊಳಗಿನ ನೀರು

ಒಂದೊಂದು ಕೆರೆ ಹತ್ರ ಮೂಗು ಮುಚ್ಕೊಂಡೇ ನಿಲ್ಬೇಕು. ಆರೋಗ್ಯಕ್ಕೇನೂ ಆಗಲ್ವಾ?

ದಡದಲ್ಲಿ ನಡೆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನೀರಿಗೆ ಕೈ ಹಾಕಬೇಡಿ, ಗಾಯವಿರುವ ಕಾಲು ಇಳಿಸಬೇಡಿ, ಅಷ್ಟೇ.

ವಾಸನೆಯ ಮೂಲ ನಮ್ಮ ಬಚ್ಚಲು. ಮಳೆನೀರಿಗೆಂದು ಇದ್ದ ರಾಜಕಾಲುವೆಗೆ ಒಳಚರಂಡಿ ಸೇರಿಕೊಂಡಿದ್ದರಿಂದ ಹಲವು ಕೆರೆಗಳಿಗೆ ಈಗ ವರ್ಷವಿಡೀ ನೀರು ಬರುತ್ತದೆ, ಬಂದದ್ದು ಕೊಳಚೆ. ಬೆಳ್ಳಂದೂರು ಕೆರೆಯ ಕತೆ ನಿಮಗೆಲ್ಲ ಗೊತ್ತು. ಸುಮಾರು 900 ಎಕರೆಯ, ಊರಿನ ಅತಿ ದೊಡ್ಡ ಕೆರೆ. ಸೋಪು, ಡಿಟರ್ಜೆಂಟಿನ ಅಂಶ ತುಂಬಿದ ನೀರು ಕೋಡಿಯಿಂದ ಧುಮುಕುವಾಗ ಕಡೆಗೋಲಿನಲ್ಲಿ ಕಡೆದಂತೆ ನೊರೆ ಏಳುತ್ತಿತ್ತು. ಗಾಳಿ ಬೀಸಿದರೆ ಆ ನೊರೆ ರಸ್ತೆಗೆ ಹಾರಿ ಸ್ಕೂಟರಿನವರ ಹೆಲ್ಮೆಟ್ಟಿಗೆ ಅಂಟುತ್ತಿತ್ತು. 2015ರಲ್ಲಿ, ಮತ್ತೆ 2017, 2018ರಲ್ಲಿ ಕೆರೆಯೇ ಹೊತ್ತಿ ಉರಿಯಿತು. ನೀರಿಗೆ ಬೆಂಕಿ ಬಿದ್ದದ್ದನ್ನು ನೋಡಿದ ಊರು ನಮ್ಮದು. ಆಮೇಲೆ ಬೆಳ್ಳಂದೂರು, ವರ್ತೂರು ಎರಡರಲ್ಲೂ ಹೂಳೆತ್ತುವ ಕೆಲಸ ಹಿಡಿದರು.

ವಾಸನೆ ಬರುವ ಕೆರೆಯನ್ನು ಪಟ್ಟಿಯಿಂದ ತೆಗೆಯಬೇಡಿ. ಯಾಕೆಂದರೆ ಹಕ್ಕಿಗಳು ತೆಗೆದಿಲ್ಲ.

ಅದೇ ಕೊಳಚೆ ಜಕ್ಕೂರಿಗೂ ಬರುತ್ತಲ್ವಾ? ಅದು ಹೇಗೆ ಚೊಕ್ಕವಾಗಿದೆ?

ನನ್ನ ಪಕ್ಷಪಾತದ ಕಾರಣ ಇದೇ. ಜಕ್ಕೂರು ಸುಮಾರು 160 ಎಕರೆಯ ಕೆರೆ. ಅದರ ಉತ್ತರದ ತುದಿಯಲ್ಲಿ ಕೊಳಚೆ ಶುದ್ಧೀಕರಣ ಘಟಕವಿದೆ, ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದಲ್ಲಿ ಶುರುವಾದದ್ದು. ಆದರೆ ಘಟಕದಿಂದ ಹೊರಬಿದ್ದ ನೀರನ್ನು ನೇರ ಕೆರೆಗೆ ಬಿಟ್ಟಿಲ್ಲ. ನಡುವೆ ಜೊಂಡು, ಆಪು ಬೆಳೆದ ಜೌಗು ಮಾಡಿದ್ದಾರೆ. ಘಟಕ ತೆಗೆಯಲಾಗದ ಸಾರಜನಕ, ರಂಜಕಗಳಿಗೆ ಜೌಗಿನ ಗಿಡಗಳೇ ಗಿರಾಕಿ. ಬೇರಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಉಳಿದ ಕೊಳೆಯನ್ನು ಮುರಿಯುತ್ತವೆ, ನಿಧಾನಕ್ಕೆ ಹರಿಯುವ ನೀರಿನ ಮಣ್ಣು ತಳಕ್ಕೆ ಕೂರುತ್ತದೆ. ಅಲ್ಲಿಂದ ಮುಂದೆ ಕೆರೆ.

ಅಲ್ಲಿ ಹೋದಾಗ ಉತ್ತರದ ತುದಿಯಿಂದ ಏರಿಯ ಕಡೆಗೆ ನಡೆಯಿರಿ. ನೀರಿನ ಬಣ್ಣ ಕಣ್ಣೆದುರೇ ಬದಲಾಗುತ್ತದೆ. ಜೌಗಿನ ಅಂಚಿನಲ್ಲಿ ನೇರಳೆ ಮೈಯ, ಕೆಂಪು ಕೊಕ್ಕಿನ ಜಂಬುಕೋಳಿ ಜೊಂಡಿನ ಬುಡ ಮುರಿದು ತಿನ್ನುತ್ತಿರುತ್ತದೆ. ಕೆರೆ ನಡುವಿನ ನಡುಗಡ್ಡೆಯ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತವೆ. ಕೊಳಚೆ ಬರುವುದನ್ನು ನಿಲ್ಲಿಸಲಾಗದ ಊರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನಾನು ಕಂಡಿಲ್ಲ. ಕೆಟ್ಟ ದಿನಗಳು ಜಕ್ಕೂರಿಗೂ ಬರುತ್ತವೆ. ಘಟಕ ತಡೆಯಲಾಗದಷ್ಟು ಕೊಳಚೆ ಬಂದರೆ, ಜೊಂಡನ್ನು ಆಗಾಗ ಕೊಯ್ಯದೆ ಬಿಟ್ಟರೆ ಜೌಗೂ ಕೈಚೆಲ್ಲುತ್ತದೆ.

ನಮ್ಮ ಮನೆ ಹತ್ರ ಕೆರೆ ಪೂರ್ತಿ ಹಸಿರು ಕಾರ್ಪೆಟ್ ಥರ ಇದೆ, ನೇರಳೆ ಹೂ ಬೇರೆ. ಚೆನ್ನಾಗಿದೆ ಅಂತ ಲೆಕ್ಕನಾ?

ಫೋಟೋಗೆ ಚೆನ್ನಾಗಿದೆ. ಅದು ದಕ್ಷಿಣ ಅಮೆರಿಕದಿಂದ ಬಂದ ಜಲಕಳೆ, ವಾಟರ್ ಹಯಸಿಂತ್. ನೀರಿನಲ್ಲಿ ಗೊಬ್ಬರದಂಥ ಕೊಳೆ ಹೆಚ್ಚಿದಷ್ಟೂ ಹುಚ್ಚಾಪಟ್ಟೆ ಹಬ್ಬುತ್ತದೆ. ಬೆಳಕು ಒಳಗಿಳಿಯದೆ, ಕೊಳೆತಾಗ ಆಮ್ಲಜನಕ ಮುಗಿದು ಮೀನು ಸಾಯುತ್ತವೆ. ಯಂತ್ರದಲ್ಲಿ ಎಷ್ಟು ತೆಗೆದರೂ ಕೊಳಚೆ ನಿಲ್ಲದಿದ್ದರೆ ಮತ್ತೆ ಬರುತ್ತದೆ. ಹಾಗಂತ ಅಂಚಿನ ಜೊಂಡನ್ನೂ ಕಳೆಯೆಂದು ಬಳಿದು ಕಲ್ಲು ಕಟ್ಟಿ ‘ಸುಂದರ’ ಮಾಡಿದರೆ ಹಕ್ಕಿಗೆ ಗೂಡಿಲ್ಲ. ಸಾಸರಿನಂತೆ ಕಲ್ಲು ಕಟ್ಟಿದ ಕೆರೆಗಳ ಮೇಲೆ ನನಗೆ ಹಳೆಯ ಸಿಟ್ಟು, ಇಲ್ಲಿಗೆ ಬಿಡುತ್ತೇನೆ.

ಮೆಜೆಸ್ಟಿಕ್ ಕೆರೆಯಾಗಿತ್ತು ಅಂತಾರೆ, ನಿಜಾನಾ? ಹಾಗೆ ಮಾಯವಾದ ಕೆರೆಗಳನ್ನ ನೋಡ್ಬಹುದಾ?

ನಿಜ. ಧರ್ಮಾಂಬುಧಿ ಕೆರೆಯ ಅಂಗಳದಲ್ಲೇ ಕೆಂಪೇಗೌಡ ಬಸ್ ನಿಲ್ದಾಣ ಇರುವುದು. ಪಕ್ಕದ ರಸ್ತೆಯ ಹೆಸರು ಈಗಲೂ ಟ್ಯಾಂಕ್ ಬಂಡ್ ರಸ್ತೆ, ಅಂದರೆ ಏರಿ ರಸ್ತೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಶೂಲೆ ಕೆರೆ ಫುಟ್‌ಬಾಲ್ ಮೈದಾನ, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನ. ಈ ಊರಿಗೆ ಕೆರೆ ಕಂಡರೆ ಆಟ ಆಡುವ ಆಸೆ.

ನೋಡಲು ಹೋಗುವುದಾದರೆ ಕಂಠೀರವದ ಬಳಿ ಹೋಗಿ. ಅಷ್ಟು ದೊಡ್ಡ ಸಂಪಂಗಿ ಕೆರೆಯಲ್ಲಿ ಒಂದು ಪುಟ್ಟ ಹೊಂಡ ಉಳಿದಿದೆ, ಕರಗದ ವಿಧಿಗಳಿಗೆಂದು. ಚೈತ್ರ ಹುಣ್ಣಿಮೆಯ ಕರಗಕ್ಕೆ ನೀರು ಬೇಕು, ನೀರಿಗೆ ಕೆರೆ ಬೇಕು ಎಂಬ ನಂಟು ಆ ಹೊಂಡದಷ್ಟಕ್ಕೆ ಕುಗ್ಗಿ ನಿಂತಿದೆ.

ಬಾತುಕೋಳಿಗೆ ಬ್ರೆಡ್ ಹಾಕ್ಬಹುದಾ? ಗಾಳ ಹಾಕ್ಬಹುದಾ? ಡ್ರೋನ್?

ಮೂರಕ್ಕೂ ಬೇಡ. ಬ್ರೆಡ್ಡು ಹಕ್ಕಿಗೂ ನೀರಿಗೂ ಕೆಡುಕು. ಮೀನಿನ ಹಕ್ಕನ್ನು ಟೆಂಡರಿನಲ್ಲಿ ಕೊಟ್ಟಿರುತ್ತಾರೆ, ಹಿಡಿಯುವವರ ಹೊಟ್ಟೆಪಾಡು ಅದು. ಡ್ರೋನ್ ಹಾರಿದರೆ ಗೂಡಿನ ಮೇಲೆ ಕೂತ ಹಕ್ಕಿ ಮೊಟ್ಟೆ ಬಿಟ್ಟು ಏಳುತ್ತದೆ, ಅಷ್ಟರಲ್ಲಿ ಕಾಗೆ ಬಂದಿರುತ್ತದೆ.

## ಊರಾಚೆ ಒಂದು ದಿನ

ಹೆಸರಘಟ್ಟದಲ್ಲಿ ಏನಿದೆ? ಖಾಲಿ ಮೈದಾನ ತಾನೇ?

ಹಾಗೆಂದುಕೊಂಡೇ ಜನ ಅಲ್ಲಿ ಜೀಪು ಓಡಿಸುವುದು, ಮದುವೆ ಫೋಟೋ ತೆಗೆಸುವುದು. ಅರ್ಕಾವತಿಗೆ ಅಡ್ಡಲಾಗಿ ನಿಂತ ಇಲ್ಲಿನ ಕೆರೆಯಿಂದ 1894ರಲ್ಲಿ ಬೆಂಗಳೂರಿಗೆ ಮೊದಲ ಸಲ ಕೊಳವೆ ನೀರು ಬಂತು. ಅದರ ಸುತ್ತಲಿನ ಹುಲ್ಲುಗಾವಲು ಊರಿನ ಹತ್ತಿರ ಉಳಿದ ಅಪರೂಪದ ಬಯಲು. ಮರವಿಲ್ಲದ ಜಾಗವೆಂದರೆ ಬರಡು ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನೆಲಗುಬ್ಬಿ, ಟಿಟ್ಟಿಭಗಳು ಬರಿ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ, ಮಣ್ಣಿನ ಬಣ್ಣದವು. ಚಳಿಗಾಲದಲ್ಲಿ ದೂರದೇಶದ ಹ್ಯಾರಿಯರ್ ಗಿಡುಗಗಳು ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುತ್ತವೆ. ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು, ಈಗಾಗಲೇ ಸವೆದ ಕಾಲುದಾರಿಯಲ್ಲಿ ನಡೆಯಿರಿ. ‘ಟಿಟ್ಟಿ-ಟೀ’ ಎಂದು ತಲೆಯ ಮೇಲೆ ಕೂಗಾಡುತ್ತಾ ಹಕ್ಕಿ ಸುತ್ತತೊಡಗಿದರೆ ಮೊಟ್ಟೆಯ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ.

ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ಎರಡೂ ಒಂದೇ ದಿನ ಮುಗಿಸ್ಬಹುದಾ?

ಮುಗಿಸಬಹುದು. ನೋಡಲಾಗುವುದಿಲ್ಲ.

ರಂಗನತಿಟ್ಟು ಶ್ರೀರಂಗಪಟ್ಟಣದ ಹತ್ತಿರ, ಇಲ್ಲಿಂದ ಸುಮಾರು 125 ಕಿ.ಮೀ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1648ರ ಹೊತ್ತಿಗೆ ಕಾವೇರಿಗೆ ಕಟ್ಟಿದ ಅಣೆಯಿಂದ ಹುಟ್ಟಿದ ನಡುಗಡ್ಡೆಗಳು ಅವು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. ದೋಣಿಯಲ್ಲಿ ಹೋದರೆ ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆ ಹತ್ತಡಿಯಲ್ಲಿರುತ್ತದೆ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ, ಪೇಪರ್ ನೋಡಿ ಹೊರಡಿ.

ಕೊಕ್ಕರೆ ಬೆಳ್ಳೂರು ಬೇರೆಯದೇ ಲೋಕ. ಸುಮಾರು 80 ಕಿ.ಮೀ., ಮದ್ದೂರು ತಾಲ್ಲೂಕು. ಟಿಕೆಟ್ಟಿನ ಕೌಂಟರು ದಾಟಿ ಒಳಹೋಗುವ ಜಾಗವಲ್ಲ, ಅದೊಂದು ಊರು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು (ಪೆಲಿಕನ್) ಚಳಿಗಾಲಕ್ಕೆ ಬಂದು ಮನೆಗಳ ನಡುವಿನ ಹುಣಸೆಮರ, ಅತ್ತಿ-ಆಲಗಳ ಮೇಲೆ ಗೂಡು ಕಟ್ಟಿ, ಮರಿ ಮಾಡಿಕೊಂಡು ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ ಊರಿನವರು. ಹುಣಸೆಹಣ್ಣಿನ ಆದಾಯ ಬಿಟ್ಟುಕೊಟ್ಟು ಮರ ಉಳಿಸಿದವರು, ಅಂಗಳಕ್ಕೆ ಬೀಳುವ ಹಿಕ್ಕೆ, ಮೀನಿನ ವಾಸನೆ ಸಹಿಸಿದವರು. ಆ ಹಿಕ್ಕೆ ಗದ್ದೆಗೆ ಗೊಬ್ಬರವೂ ಹೌದು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಮತ್ತೆ ಬಿಡುವ ಹೆಜ್ಜಾರ್ಲೆ ಬಳಗ ಅಲ್ಲಿಯದೇ. 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಮರದ ಕೆಳಗೆ ಟೋಪಿ ತೆಗೆಯಬೇಡಿ, ಯಾಕೆಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಯಾರದಾದರೂ ಜಗುಲಿ ಹತ್ತುವ ಮುನ್ನ ಕೇಳಿ, ಅದು ಅವರ ಮನೆ.

ದಾರಿಯ ವಿಷಯ: ಚನ್ನಪಟ್ಟಣ ದಾಟಿ, ಮದ್ದೂರಿಗೆ ಮೊದಲು ರುದ್ರಾಕ್ಷಿಪುರದ ಬಳಿ ತಿರುಗಬೇಕು. ಬೈಕಿನವರಿಗೆ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಪ್ರವೇಶವಿಲ್ಲ, ಸರ್ವೀಸ್ ರಸ್ತೆ ಹಿಡಿಯಿರಿ. ಅದರಿಂದ ನಷ್ಟವಿಲ್ಲ, ಹಳೇ ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ ಸಿಗುತ್ತದೆ.

ರಾಮನಗರದಲ್ಲಿ ರಣಹದ್ದು ಕಾಣುತ್ತಂತೆ, ಗ್ಯಾರಂಟಿನಾ?

ಗ್ಯಾರಂಟಿ ಇಲ್ಲ. ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳಿಗೆಂದೇ ಮೀಸಲಾದ ಧಾಮವಾಯಿತು, ಬೆರಳೆಣಿಕೆಯ ಉದ್ದಕೊಕ್ಕಿನ ರಣಹದ್ದುಗಳು ಕಡಿದಾದ ಬಂಡೆಯ ಸಂದಿಯಲ್ಲಿ ಗೂಡು ಮಾಡುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ, ಸತ್ತ ದನ ತಿಂದ ಇವುಗಳ ಮೂತ್ರಪಿಂಡ ಕೆಡಿಸಿ ದೇಶದಾದ್ಯಂತ ಸಂತತಿಯನ್ನು ಬಹುಪಾಲು ಅಳಿಸಿತು. ಆ ಔಷಧದ ಪಶುಬಳಕೆ 2006ರಲ್ಲಿ ನಿಷೇಧವಾಯಿತು. ಬಿಸಿಲು ಏರಿ ಗಾಳಿ ಕಾದ ಮೇಲೆ, ಒಂಬತ್ತು ಗಂಟೆಯ ನಂತರ ಬಂಡೆಗಳ ಮೇಲಿನ ಆಕಾಶ ನೋಡುತ್ತಿರಿ. ಕಾಣದಿದ್ದರೂ ಬೆಟ್ಟ ಹತ್ತಿದ್ದು ದಂಡವಲ್ಲ.

ಬನ್ನೇರುಘಟ್ಟ ಸಫಾರಿ ಮಾಡಿದ್ರೆ ಕಾಡು ನೋಡಿದ ಹಾಗೇನಾ?

ಸಫಾರಿಯಲ್ಲಿ ನೋಡುವುದು ಬೇಲಿಯೊಳಗಿನ ಪ್ರಾಣಿಗಳನ್ನು. ಅದರಾಚೆಗೆ ಸುಮಾರು 260 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನವಿದೆ, ಆನೆಗಳು ಓಡಾಡುವ ನಿಜವಾದ ಕಾಡು. ಅದು ಕಾವೇರಿ ವನ್ಯಧಾಮದ ಕಡೆಗೆ ಕೂಡಿಕೊಂಡಿದೆ. ಅದರೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಮಕ್ಕಳಿಗೆ ಚಿಟ್ಟೆ ಉದ್ಯಾನ ಸಾಕೋ ಸಾಕು. ಮೆಜೆಸ್ಟಿಕ್‌ನಿಂದ 365 ಬಸ್ಸು, ಮಂಗಳವಾರ ರಜೆ.

ನಮ್ಮ ಬೆಂಗಳೂರಿನ ಯಾವ ಕೆರೆಗೆ ರಾಮ್ಸಾರ್ ಪಟ್ಟ ಸಿಕ್ಕಿದೆ? ಮಾಗಡಿ ಕೆರೆ ಅಂತ ಓದಿದೆ.

ಆ ಮಾಗಡಿ ಬೇರೆ! ನಮ್ಮ ಪಕ್ಕದ ಮಾಗಡಿಗೆ ಹೋಗಿ ಕೆರೆ ಹುಡುಕಿದವರೊಬ್ಬರು ನಮ್ಮ ಗುಂಪಿನಲ್ಲೇ ಇದ್ದಾರೆ. ಅದಿರುವುದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ, ಚಳಿಗಾಲದ ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರುವಾಸಿ. ಕರ್ನಾಟಕದಲ್ಲಿ ಮೊದಲು ರಂಗನತಿಟ್ಟಿಗೆ 2022ರಲ್ಲಿ, ಜಾಗತಿಕ ಮಹತ್ವದ ಜೌಗುನೆಲವೆಂಬ ಈ ಮಾನ್ಯತೆ ಬಂತು. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ಸೇರಿದವು. ಬೆಂಗಳೂರಿನದು ಈ ನಾಲ್ಕರಲ್ಲಿ ಇಲ್ಲ. 1971ರಲ್ಲಿ ಇರಾನಿನ ರಾಮ್ಸಾರ್ ಊರಿನಲ್ಲಿ ಆದ ಒಪ್ಪಂದ ಅದು, ಮನುಷ್ಯ ಕಟ್ಟಿದ ಕೆರೆಯನ್ನೂ ಜೌಗುನೆಲ ಎಂದೇ ಎಣಿಸುತ್ತದೆ.

## ಒಂದಷ್ಟು ಓಡಾಡಿದ ಮೇಲೆ

ಹಕ್ಕಿಗಳ ಕನ್ನಡ ಹೆಸರು ಬಾಯಿಗೇ ಬರಲ್ಲ. ಇಂಗ್ಲಿಷಲ್ಲೇ ಕಲಿತರೆ ಆಗಲ್ವಾ?

ಆಗುತ್ತದೆ. ಆದರೆ ಕನ್ನಡದ ಹೆಸರು ಗುರುತನ್ನೂ ಜೊತೆಗೆ ಕೊಡುತ್ತದೆ, ನೆನಪಿಡುವ ಕೆಲಸ ಅರ್ಧ ಉಳಿಯುತ್ತದೆ. ಕಪ್ಪು ಹಕ್ಕಿಯ ಹಣೆಯ ಮೇಲೆ ಬಿಳಿ ನಾಮ ಇದ್ದರೆ ನಾಮದ ಕೋಳಿ. ಗುಳುಂ ಎಂದು ಮುಳುಗಿ ಇನ್ನೆಲ್ಲೋ ಏಳುವುದು ಗುಳುಮುಳುಕ. ಕತ್ತು ಮಾತ್ರ ನೀರ ಮೇಲೆ ಹಾವಿನಂತೆ ಆಡಿಸುತ್ತಾ ಹೋಗುವುದು ಹಾವಕ್ಕಿ. ದನದ ಹಿಂದೆ ಓಡಾಡುವ ಬಿಳಿಯದು ಗೋವಕ್ಕಿ. ಮಿಂಚಿ ಹೋಗುವುದು ಮಿಂಚುಳ್ಳಿ. ಈ ಹೆಸರಿಟ್ಟವರ ಬಳಿ ಬೈನಾಕ್ಯುಲರ್ ಇರಲಿಲ್ಲ, ನೋಡುವ ಪುರುಸೊತ್ತಿತ್ತು.

ನೋಡಿದ ಹಕ್ಕಿಗಳ ಪಟ್ಟಿ ಬರೆದಿಟ್ಟಿದ್ದೀನಿ. ಯಾರಿಗಾದ್ರೂ ಉಪಯೋಗಕ್ಕೆ ಬರುತ್ತಾ?

ಬಹಳ ಉಪಯೋಗಕ್ಕೆ ಬರುತ್ತದೆ, ಅಂಕಿಯಿದ್ದರೆ ಇನ್ನೂ. ಇ-ಬರ್ಡ್ ಆ್ಯಪಿನಲ್ಲಿ ದಿನಾಂಕ, ಹೊತ್ತು, ಎಣಿಕೆಯೊಂದಿಗೆ ಹಾಕಿ. ‘ಹತ್ತು ಬಾತು’ ಎಂಬುದು ‘ತುಂಬಾ ಬಾತು’ಗಿಂತ ನೂರು ಪಾಲು ಮೇಲು. ಪ್ರತಿ ಜನವರಿಯಲ್ಲಿ ಏಷ್ಯಾದ ನೀರಹಕ್ಕಿ ಗಣತಿ ನಡೆಯುತ್ತದೆ, 1987ರಿಂದ ಇದೆ. ಅನುಭವಿಗಳ ಜೊತೆ ಒಂದು ಬೆಳಗ್ಗೆ ಎಣಿಸಲು ಹೋದರೆ ಒಂದು ವರ್ಷದ ಕಲಿಕೆ. ಗೂಡಿನ ಜಾಗ ಮಾತ್ರ ಎಲ್ಲೂ ಹಾಕಬೇಡಿ, ಮಾರನೇ ದಿನ ಇಪ್ಪತ್ತು ಕ್ಯಾಮೆರಾ ಬಂದು ನಿಲ್ಲುತ್ತವೆ.

ಮಾಲಿನ್ಯ ಮಂಡಳಿ ಕೆರೆಗೆ ‘ಡಿ’, ‘ಇ’ ಅಂತ ದರ್ಜೆ ಕೊಡುತ್ತಲ್ಲ, ಏನರ್ಥ?

‘ಎ’ ಎಂದರೆ ಸೋಂಕು ಕಳೆದು ನೇರ ಕುಡಿಯುವ ನೀರಿನ ಮೂಲ, ‘ಬಿ’ ಸ್ನಾನಕ್ಕೆ, ‘ಸಿ’ ಪೂರ್ತಿ ಶುದ್ಧೀಕರಿಸಿ ಕುಡಿಯಲು. ‘ಡಿ’ ಮೀನು, ವನ್ಯಜೀವಿಗಳಿಗೆ ಆಗುವಂಥದ್ದು: ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕು. ‘ಇ’ ನೀರಾವರಿಗೆ, ಕಾರ್ಖಾನೆ ತಂಪಿಗೆ. ನಮ್ಮೂರಿನ ಕೆರೆಗಳು ಸಾಮಾನ್ಯವಾಗಿ ಈ ಕೊನೆಯ ಎರಡರಲ್ಲೇ ಸುತ್ತುತ್ತವೆ. ಸೂರ್ಯ ಹುಟ್ಟುವ ಮೊದಲು ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ ಇಳಿದಿದೆ ಎಂದು ಯಂತ್ರವಿಲ್ಲದೆಯೇ ತಿಳಿಯುತ್ತದೆ.

ಬೆಂಗಳೂರಿನ ಕೊಳಚೆ ನೀರು ಕೋಲಾರದ ಕೆರೆ ತುಂಬಿಸ್ತಿದೆ ಅಂತಾರೆ. ನೋಡೋಕೆ ಹೋಗ್ಬಹುದಾ?

ಹೋಗಬೇಕು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆ ಶುರುವಾಯಿತು: ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರ್ ಗುರಿಯಿಟ್ಟು, ಮೇಲಕ್ಕೆ ಪಂಪ್ ಮಾಡಿ ಕೋಲಾರದ ಕಡೆಯ ಕೆರೆಗಳಿಗೆ ಬಿಡುವುದು. ಕುಡಿಯಲಲ್ಲ, ಅಂತರ್ಜಲ ಏರಲಿ ಎಂದು. ನರಸಾಪುರದ ಕೆರೆ ಹೈವೇ ಬದಿಗೇ ಇದೆ, ಬರಡಾಗಿದ್ದ ಕೆರೆಯಲ್ಲಿ ನೀರೂ ಹಕ್ಕಿಯೂ ಕಾಣುತ್ತವೆ. ಬತ್ತಿದ್ದ ಬಾವಿಗೆ ನೀರು ಬಂತು ಎಂದು ಒಬ್ಬ ರೈತ, ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ಇನ್ನೊಬ್ಬ. ಇಬ್ಬರ ಮಾತೂ ಸರಿ. ಅಲ್ಲಿ ಹಕ್ಕಿ ನೋಡುವಾಗ ಅದು ನಿಮ್ಮ ಬಚ್ಚಲಿನಿಂದ ಹೋದ ನೀರು ಎಂಬುದು ನೆನಪಿರಲಿ.

ನಮ್ಮ ಕೆರೆ ಒತ್ತುವರಿಯಾಗಿದೆ ಅನ್ನಿಸುತ್ತೆ. ಗಡಿ ಎಲ್ಲಿ ಅಂತ ತಿಳಿಯೋದು ಹೇಗೆ?

ಫೋನಿನಲ್ಲಿ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದನ್ನು ಹಿಡಿದು ಗ್ರಾಮ ನಕಾಶೆ, ಪಹಣಿ ತೆಗೆಸಿ. ಪಹಣಿಯಲ್ಲಿ ‘ಸರ್ಕಾರಿ ಕೆರೆ’, ‘ಖರಾಬು’ (ಸಾಗುವಳಿಗೆ ಸೇರದ ನೆಲ) ಎಂಬ ಪದಗಳನ್ನು ಹುಡುಕಿ, ನಕಾಶೆಯಲ್ಲಿ ರಾಜಕಾಲುವೆಯ ಗೆರೆ ನೋಡಿ. ಆಮೇಲೆ ಕೆರೆ ಯಾರ ಸುಪರ್ದಿನಲ್ಲಿದೆ ಎಂದು ಗೇಟಿನ ಫಲಕದಲ್ಲಿ ಓದಿ ಲಿಖಿತ ದೂರು ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹಳೆಯ ರೈತರು ಯಾರಾದರೂ ಇದ್ದರೆ ಅವರನ್ನು ಏರಿಗೆ ಕರೆದುಕೊಂಡು ಬನ್ನಿ. ನಮ್ಮ ಬಡಾವಣೆಯ ಪಾರ್ಕಿನ ಕೆಳಗೆ ತೂಬು ಇತ್ತೆಂದು ನನಗೆ ತಿಳಿದದ್ದು ಹಾಗೆಯೇ.

ಒಂದೇ ಕೆರೆ ಸುತ್ತಿ ಸಾಕಾಯ್ತು. ನೀರು ಹೋಗೋ ದಾರಿನೇ ಹಿಡಿದು ನಡೀಬಹುದಾ?

ಈ ಪ್ರಶ್ನೆಗೆ ನಾನು ಕಾಯುತ್ತಿರುತ್ತೇನೆ. ಸುಲಭದ ನಡಿಗೆ: ಜಕ್ಕೂರಿನ ಕೋಡಿಯಿಂದ ರಾಚೇನಹಳ್ಳಿ ಕೆರೆಗೆ. ಒಂದು ಬೆಳಗ್ಗೆಗೆ ಸರಿಹೋಗುತ್ತದೆ. ಈ ಸಾಲಿನ ನೀರು ಕೊನೆಗೆ ಸೇರುವುದು ಹಳೇ ಮದ್ರಾಸ್ ರಸ್ತೆಯ ಎಲೆಮಲ್ಲಪ್ಪ ಶೆಟ್ಟಿ ಕೆರೆಗೆ. ವೀಳ್ಯದೆಲೆ ವ್ಯಾಪಾರಿಯೊಬ್ಬರು ಬರದ ಕಾಲದಲ್ಲಿ ಸ್ವಂತ ಹಣ ಹಾಕಿ ಕಟ್ಟಿಸಿದ್ದೆಂದು ಜನ ಹೇಳುತ್ತಾರೆ. ಅಲ್ಲಿಗೆ ಇನ್ನೊಂದು ದಿನ ಬಸ್ಸಿನಲ್ಲಿ ಹೋಗಿ.

ಗಟ್ಟಿಗರಿಗೆ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂಬ ನಂಬಿಕೆಯಿಂದ ಆ ಹೆಸರು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ದಾಟಿ, ಕೆಂಗೇರಿಯ ಕಡೆ ಹೋಗುವಷ್ಟರಲ್ಲಿ ನದಿ ಎಂದು ಯಾರೂ ಕರೆಯದ ಸ್ಥಿತಿ. ಮುಂದೆ ಬಿಡದಿ ಬಳಿಯ ಭೈರಮಂಗಲ ಕೆರೆ. ಇದನ್ನು ಒಂದೇ ದಿನ ನಡೆಯಲು ಹೋಗಬೇಡಿ, ತುಂಡು ತುಂಡಾಗಿ ಮಾಡಿ, ಸಿಕ್ಕಲ್ಲೆಲ್ಲ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿ.

ಎಚ್ಚರಿಕೆ ಒಂದೇ. ಒಣಗಿದಂತೆ ಕಾಣುವ ಕೆರೆಯಂಗಳವನ್ನು ಅಡ್ಡ ಹಾಯಬೇಡಿ. ಮೇಲೆ ಬಿರುಕುಬಿಟ್ಟ ಹೆಂಟೆ, ಕೆಳಗೆ ಹೂಳು. ಎರಡು ನಿಮಿಷ ಉಳಿಸಲು ಹೋಗಿ ನಾನು ಮೊಣಕಾಲವರೆಗೆ ಹೂತು ನಿಂತಾಗ ದನ ಮೇಯಿಸುತ್ತಿದ್ದ ಅಜ್ಜ ಕೋಲು ಚಾಚಿ ಎಳೆದುಕೊಂಡರು. “ಏರಿ ಇರೋದ್ಯಾಕವ್ವಾ?” ಎಂದರು. ಬಲಗಾಲಿನ ಶೂ ಇನ್ನೂ ಅಲ್ಲೇ ಇದೆ.